ಚಿಕ್ಕ ವ್ಯಾಪಾರಕ್ಕೆ ಸಿಆರ್‌ಎಂ: ಯಾವುದನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ನೀವೇ ಮಾಡಬೇಕು

ಮೂರು ವಾರದ ಹಿಂದೆ ಒಬ್ಬರು ಫೋನ್ ಮಾಡಿ ರೇಟ್ ಕೇಳಿದ್ದರು. ಕೊಟೇಶನ್ ಕಳಿಸುತ್ತೇನೆ ಅಂದಿರಿ. ಕಳಿಸಿದಿರಾ? ಕಳಿಸಿದ ಮೇಲೆ ಅವರು ಏನಂದರು? ಆಮೇಲೆ ಒಂದು ಸಲವಾದರೂ ವಿಚಾರಿಸಿದಿರಾ? ಕಾಲ್ ಲಿಸ್ಟ್, ವಾಟ್ಸಾಪ್, ಇಮೇಲ್, ಮೇಜಿನ ಮೇಲಿನ ಚೀಟಿ ಎಲ್ಲಾ ತಡಕಾಡಿದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ ಅನ್ನುವ ಹಾಗಿದ್ದರೆ ನಿಮಗೆ ಸಿಆರ್‌ಎಂ ಬೇಕು. ಒಬ್ಬರೇ ಎಲ್ಲಾ ನೋಡಿಕೊಳ್ಳುವ ವ್ಯಾಪಾರಕ್ಕೂ ಬೇಕು.

ಹೆಸರು ದೊಡ್ಡದು, ಕಸ್ಟಮರ್ ರಿಲೇಶನ್‌ಶಿಪ್ ಮ್ಯಾನೇಜ್‌ಮೆಂಟ್ ಅಂತ. ಒಳಗಿರುವುದು ಮಾತ್ರ ನಾಲ್ಕೇ ವಿಷಯ. ಇವರು ಯಾರು, ಏನು ಕೇಳಿದರು, ಇಲ್ಲಿವರೆಗೆ ಏನು ಮಾತಾಯಿತು, ಮುಂದೆ ಯಾವತ್ತು ಏನು ಮಾಡಬೇಕು. ಮಾರ್ಕೆಟಿಂಗ್ ಆಟೊಮೇಶನ್ ಅಂದರೆ ಈ ಮಾಹಿತಿಯನ್ನು ಇಟ್ಟುಕೊಂಡು ಕೆಲವು ಮೆಸೇಜ್, ಮೇಲ್, ನೆನಪೋಲೆಗಳನ್ನು ತಾನಾಗಿ ಕಳಿಸುವ ವ್ಯವಸ್ಥೆ. ಮೊದಲನೆಯದು ಸರಿ ಇಲ್ಲದೆ ಎರಡನೆಯದನ್ನು ಶುರು ಮಾಡಿದರೆ ತಪ್ಪು ಮಾಹಿತಿ ಬಹಳ ಬೇಗ, ಬಹಳ ಜನಕ್ಕೆ ಹೋಗುತ್ತದೆ. ಹಾಗಾಗಿ ಇದನ್ನು ಓದಿ ನೀವು ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ: ಒಂದು ತಿಂಗಳು ಕೈಯಿಂದಲೇ ಮಾಡಿ, ಆಮೇಲೆ ಯಂತ್ರಕ್ಕೆ ಕೊಡಿ. ಕೊಡುವಾಗ ಅದು ಯಾವಾಗ ನಿಲ್ಲಬೇಕು ಅನ್ನುವುದನ್ನು ಮೊದಲು ಬರೆಯಿರಿ.

ಸಾಫ್ಟ್‌ವೇರ್ ನೋಡುವ ಮುಂಚೆ ಒಂದು ಹಾಳೆ ತಗೊಳ್ಳಿ

ನಿಮ್ಮ ಹತ್ತಿರ ಬಂದ ಕೊನೆಯ ಹತ್ತು ಗಿರಾಕಿಗಳನ್ನು ನೆನಪು ಮಾಡಿಕೊಳ್ಳಿ. ಪ್ರತಿಯೊಬ್ಬರೂ ಹೇಗೆ ಬಂದರು, ಮೊದಲು ಏನು ಕೇಳಿದರು, ಎಷ್ಟು ದಿನಕ್ಕೆ ಒಪ್ಪಿದರು, ಎಲ್ಲಿ ತಡವಾಯಿತು, ಯಾರು ಸುಮ್ನೆ ಮಾಯವಾದರು, ಎಲ್ಲಾ ಬರೆಯಿರಿ. ಹತ್ತು ಜನರ ಕಥೆ ಬರೆಯುವಷ್ಟರಲ್ಲಿ ಒಂದು ದಾರಿ ತಾನಾಗಿ ಕಾಣುತ್ತದೆ. ಆ ದಾರಿಯಲ್ಲಿ ಬರುವ ನಿಲ್ದಾಣಗಳನ್ನೇ ಸಿಆರ್‌ಎಂನಲ್ಲಿ ಸ್ಟೇಜ್ ಅನ್ನುತ್ತಾರೆ, ಇಡೀ ದಾರಿಯನ್ನು ಪೈಪ್‌ಲೈನ್ ಅನ್ನುತ್ತಾರೆ.

ಸ್ಟೇಜ್‌ಗೆ ಹೆಸರಿಡುವಾಗ ಹುಷಾರಾಗಿರಿ. ‘ಆಸಕ್ತಿ ಇದೆ’, ‘ಬಿಸಿ ಗಿರಾಕಿ’ ಅಂತೆಲ್ಲಾ ಇಟ್ಟರೆ ಅದು ಆ ದಿನದ ನಿಮ್ಮ ಮನಸ್ಸಿನ ಮೇಲೆ ನಿಂತಿರುತ್ತದೆ. ಇಬ್ಬರು ಕೆಲಸ ಮಾಡುವ ಕಡೆ ಒಬ್ಬರಿಗೆ ಆಸಕ್ತಿ ಅನ್ನಿಸಿದ್ದು ಇನ್ನೊಬ್ಬರಿಗೆ ಅನ್ನಿಸುವುದಿಲ್ಲ. ನಡೆದ ಸಂಗತಿಯ ಹೆಸರಿಡಿ: ವಿಚಾರಿಸಿದ್ದಾರೆ, ಮಾತಾಡಿದ್ದೇವೆ, ಕೊಟೇಶನ್ ಹೋಗಿದೆ, ಅಡ್ವಾನ್ಸ್ ಬಂದಿದೆ, ಕೆಲಸ ಮುಗಿದಿದೆ. ಕೊನೆಗೆ ‘ಬೇಡ ಅಂದರು’ ಅಂತ ಒಂದು. ಐದಾರು ಸಾಕು. ಹನ್ನೆರಡು ಸ್ಟೇಜ್ ಮಾಡಿದವರು ಯಾರೂ ಎರಡನೇ ತಿಂಗಳು ಅದನ್ನು ಸರಿಯಾಗಿ ಬದಲಿಸುತ್ತಾ ಹೋದದ್ದನ್ನು ನಾನು ನೋಡಿಲ್ಲ.

ಯಾವ ಸಾಫ್ಟ್‌ವೇರ್?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಪ್ರಕಾರ ಇದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸೇಲ್ಸ್‌ಫೋರ್ಸ್ 1999ರಲ್ಲಿ ಶುರುವಾಯಿತು, ಅಲ್ಲಿಂದ ಮುಂದೆ ಬ್ರೌಸರ್‌ನಲ್ಲೇ ಓಡುವ ಸಿಆರ್‌ಎಂಗಳು ಒಂದರ ಹಿಂದೆ ಒಂದು ಬಂದವು. ಈಗ ಜೋಹೋ, ಹಬ್‌ಸ್ಪಾಟ್ ಎರಡರಲ್ಲೂ ಉಚಿತ ಆವೃತ್ತಿ ಇದೆ. ಡೀಲ್‌ಗಳನ್ನು ಹಲಗೆ ಮೇಲೆ ಚೀಟಿ ಅಂಟಿಸಿದ ಹಾಗೆ ನೋಡುವುದು ನಿಮಗೆ ಇಷ್ಟವಾದರೆ ಪೈಪ್‌ಡ್ರೈವ್ ನೋಡಿ. ಮೇಲ್‌ಚಿಂಪ್, ಬ್ರೆವೋ ಇವು ಮೇಲ್ ಕಳಿಸುವ ಕಡೆಯಿಂದ ಬೆಳೆದವು, ಆಮೇಲೆ ಸಿಆರ್‌ಎಂ ಭಾಗ ಸೇರಿಸಿಕೊಂಡವು. ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ಬೇಕು ಅಂದರೆ ಶುಗರ್‌ಸಿಆರ್‌ಎಂನಿಂದ 2013ರಲ್ಲಿ ಕವಲೊಡೆದ ಸೂಟ್‌ಸಿಆರ್‌ಎಂ ಇದೆ, ಆಟೊಮೇಶನ್‌ಗೆ ಮಾಟಿಕ್ ಇದೆ. ಆದರೆ ಇವನ್ನು ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ಅಪ್‌ಡೇಟ್, ಬ್ಯಾಕಪ್, ಭದ್ರತೆ ಎಲ್ಲಾ ನಿಮ್ಮ ತಲೆ ಮೇಲೆ. ಅದನ್ನು ನೋಡಿಕೊಳ್ಳುವವರು ಜೊತೆಗಿಲ್ಲದಿದ್ದರೆ ಆ ಕಡೆ ಹೋಗಬೇಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬೆಲೆ ನೋಡುವಾಗ ಲೆಕ್ಕ ಯಾವುದರ ಮೇಲೆ ಅಂತ ಕೇಳಿ. ಸಿಆರ್‌ಎಂಗಳು ಸಾಮಾನ್ಯವಾಗಿ ಎಷ್ಟು ಜನ ಬಳಸುತ್ತಾರೆ ಅನ್ನುವುದರ ಮೇಲೆ ದುಡ್ಡು ತಗೊಳ್ಳುತ್ತವೆ, ಮಾರ್ಕೆಟಿಂಗ್ ಸಾಫ್ಟ್‌ವೇರ್‌ಗಳು ಪಟ್ಟಿಯಲ್ಲಿ ಎಷ್ಟು ಹೆಸರಿವೆ ಅಥವಾ ಎಷ್ಟು ಮೇಲ್ ಹೋಗುತ್ತದೆ ಅನ್ನುವುದರ ಮೇಲೆ. ಐದು ವರ್ಷದಿಂದ ಉತ್ತರ ಕೊಡದ ಸಾವಿರಾರು ಹೆಸರುಗಳನ್ನು ಒಳಗೆ ತುಂಬಿ ಪ್ರತಿ ತಿಂಗಳು ಅದಕ್ಕೆ ದುಡ್ಡು ಕಟ್ಟುತ್ತಿರುವವರು ತುಂಬಾ ಜನ ಇದ್ದಾರೆ.

ಇನ್ನೊಂದು ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಿ. ಟ್ರಯಲ್ ಖಾತೆಯಲ್ಲಿ ನಾಲ್ಕೈದು ಹೆಸರು ಹಾಕಿ, ಪ್ರತಿಯೊಂದಕ್ಕೂ ಒಂದೆರಡು ಸಾಲು ಟಿಪ್ಪಣಿ ಬರೆದು, ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ನೋಡಿ. ಹೆಸರು, ನಂಬರ್ ಸುಲಭವಾಗಿ ಬರುತ್ತವೆ. ಟಿಪ್ಪಣಿಗಳು ಬಂದವಾ? ಅದು ಮುಖ್ಯ. ಎರಡು ವರ್ಷ ಬಿಟ್ಟು ಬೇರೆ ಕಡೆ ಹೋಗಬೇಕು ಅನ್ನಿಸಿದಾಗ ನಿಮ್ಮ ಹತ್ತಿರ ಇರುವ ಬೆಲೆಬಾಳುವ ಆಸ್ತಿ ಆ ಟಿಪ್ಪಣಿಗಳೇ. ಹಾಗೇ ಮೊಬೈಲ್ ಆ್ಯಪ್ ತೆರೆದು ಒಬ್ಬ ಹೊಸ ಗಿರಾಕಿಯ ಹೆಸರು ಹಾಕಲು ಎಷ್ಟು ಹೊತ್ತು ಬೇಕು ನೋಡಿ. ಒಂದು ನಿಮಿಷಕ್ಕಿಂತ ಜಾಸ್ತಿ ಆದರೆ ಕೆಲಸದ ಗಡಿಬಿಡಿಯಲ್ಲಿ ಯಾರೂ ಹಾಕುವುದಿಲ್ಲ.

ಪಟ್ಟಿ ಶುಚಿ ಮಾಡುವುದು, ಇಲ್ಲಿ ಸಮಯ ಕೊಡಿ

ಇಡೀ ಕೆಲಸದಲ್ಲಿ ಬೇಜಾರಿನ ಭಾಗ ಇದು. ಹಾಗಂತ ಹಾರಿಸಿಬಿಟ್ಟರೆ ಮುಂದಿನದೆಲ್ಲಾ ವಕ್ರವಾಗುತ್ತದೆ.

ಫೋನ್, ಹಳೆಯ ಎಕ್ಸೆಲ್, ಬಿಲ್ ಪುಸ್ತಕ, ಎಲ್ಲಾ ಕಡೆಯಿಂದ ಹೆಸರುಗಳನ್ನು ಒಂದೇ ಶೀಟ್‌ಗೆ ತನ್ನಿ. ಶೀಟ್‌ನಲ್ಲಿ ಫೋನ್ ನಂಬರ್ ಇರುವ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಅಂತ ಬದಲಿಸಿ, ಆಮೇಲೆ ನಂಬರ್ ಹಾಕಿ. ಯಾಕೆಂದರೆ ಎಕ್ಸೆಲ್ ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಅಂತ ತಿಳಿದುಕೊಳ್ಳುತ್ತದೆ. ಮುಂದಿರುವ ಸೊನ್ನೆ ಹೋಗುತ್ತದೆ, ಪ್ಲಸ್ ಗುರುತು ಹೋಗುತ್ತದೆ. ದೇಶದ ಕೋಡ್ ಸೇರಿ 12 ಅಂಕಿ ಆದರೆ 9.2ಇ+11 ಅನ್ನುವ ಥರ ತೋರಿಸುತ್ತದೆ. ಅದನ್ನು ಹಾಗೇ ಸಿಎಸ್‌ವಿಯಾಗಿ (ಬರೀ ಅಕ್ಷರ, ಅಂಕಿ ಇರುವ ಸರಳ ಪಟ್ಟಿ ಫೈಲ್) ಉಳಿಸಿದರೆ ಕಣ್ಣಿಗೆ ಕಂಡಷ್ಟೇ ಫೈಲ್‌ಗೆ ಹೋಗುತ್ತದೆ, ಉಳಿದ ಅಂಕಿಗಳು ಶಾಶ್ವತವಾಗಿ ಹೋದ ಹಾಗೆ. ಮೂಲ ಫೈಲನ್ನು ಮುಟ್ಟದೆ ಪ್ರತಿ ಇಟ್ಟುಕೊಂಡೇ ಈ ಕೆಲಸ ಮಾಡಿ.

ಎಲ್ಲಾ ನಂಬರ್‌ಗಳೂ ಒಂದೇ ರೂಪದಲ್ಲಿರಲಿ: ಪ್ಲಸ್, ದೇಶದ ಕೋಡ್, ಆಮೇಲೆ ನಂಬರ್, ಮಧ್ಯೆ ಜಾಗವಾಗಲಿ ಗೆರೆಯಾಗಲಿ ಬೇಡ. ಇದಕ್ಕೆ ಇ.164 ಅನ್ನುವ ಅಂತಾರಾಷ್ಟ್ರೀಯ ಮಾದರಿ ಇದೆ, ಹೆಚ್ಚೆಂದರೆ 15 ಅಂಕಿ. ಒಂದೇ ರೂಪ ಯಾಕೆ ಅಂದರೆ, ಡ್ಯೂಪ್ಲಿಕೇಟ್ ಹುಡುಕುವುದು ನಂಬರ್ ಅಥವಾ ಇಮೇಲ್ ಮೇಲೆ. ಒಂದು ಕಡೆ ಜಾಗ ಬಿಟ್ಟು, ಇನ್ನೊಂದು ಕಡೆ ಬಿಡದೆ ಬರೆದರೆ ಒಬ್ಬರೇ ಇಬ್ಬರಾಗಿ ಕೂರುತ್ತಾರೆ. ಆಮೇಲೆ ಅವರಿಗೆ ಎಲ್ಲಾ ಮೆಸೇಜೂ ಎರಡೆರಡು ಸಲ ಹೋಗುತ್ತದೆ.

ಹೆಸರುಗಳು ಕನ್ನಡದಲ್ಲಿದ್ದರೆ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನುವ ಆಯ್ಕೆಯನ್ನೇ ಒತ್ತಿ. ಬರೀ ಸಿಎಸ್‌ವಿ ಒತ್ತಿದರೆ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಅರ್ಧ ಪಟ್ಟಿ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಇದ್ದರೆ ಯಾವುದಾದರೂ ಒಂದಕ್ಕೆ ತನ್ನಿ. ಇಲ್ಲದಿದ್ದರೆ ಹುಡುಕುವಾಗಲೂ ಸಿಗುವುದಿಲ್ಲ, ಮೆಸೇಜಿನ ಮಧ್ಯೆಯೂ ಚೆನ್ನಾಗಿ ಕಾಣುವುದಿಲ್ಲ.

ಇನ್ನೊಂದು ಕಾಲಮ್ ಸೇರಿಸಿ: ಇವರು ನಮ್ಮಿಂದ ಮೆಸೇಜ್ ತಗೊಳ್ಳಲು ಒಪ್ಪಿದ್ದಾರಾ, ಯಾವತ್ತು, ಎಲ್ಲಿ ಒಪ್ಪಿದರು. ಗೊತ್ತಿಲ್ಲದಿದ್ದರೆ ‘ಇಲ್ಲ’ ಅಂತಲೇ ಹಾಕಿ. ಈ ಕಾಲಮ್ಮಿನ ಬೆಲೆ ಮುಂದೆ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಪಟ್ಟಿ ಕೊಳ್ಳುವುದಂತೂ ಬೇಡವೇ ಬೇಡ. ಆ ಜನಕ್ಕೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಅವರಲ್ಲಿ ಹಲವರು ಸ್ಪ್ಯಾಮ್ ಅಂತ ಒತ್ತುತ್ತಾರೆ, ಅದರ ಹೊಡೆತ ನಿಮ್ಮನ್ನು ಇಷ್ಟಪಟ್ಟು ಓದುವ ಗಿರಾಕಿಗಳಿಗೆ ಹೋಗುವ ಮೇಲ್ ಮೇಲೂ ಬೀಳುತ್ತದೆ.

ಎಲ್ಲಾ ಆದ ಮೇಲೂ ಪೂರ್ತಿ ಪಟ್ಟಿಯನ್ನು ಒಟ್ಟಿಗೆ ಇಂಪೋರ್ಟ್ ಮಾಡಬೇಡಿ. ಮೊದಲು 20 ಹೆಸರು. ತೆರೆದು ಒಂದೊಂದಾಗಿ ನೋಡಿ. ಸರಿ ಇದ್ದರೆ ಉಳಿದದ್ದು.

ಕೈಯಿಂದ ಮಾಡುವ ಒಂದು ತಿಂಗಳು

ಸಾಫ್ಟ್‌ವೇರ್ ತೆರೆದ ಕೂಡಲೇ ಹತ್ತಾರು ಫೀಲ್ಡ್‌ಗಳು ಕಾಣುತ್ತವೆ. ಹುಟ್ಟಿದ ಹಬ್ಬ, ಕಂಪನಿಯ ಗಾತ್ರ, ಫ್ಯಾಕ್ಸ್ ನಂಬರ್. ನಿಮಗೆ ಬೇಡದ್ದನ್ನು ಮುಚ್ಚಿಡಿ. ಹೆಸರು, ನಂಬರ್, ಏನು ಬೇಕು, ಎಲ್ಲಿಂದ ಬಂದರು, ಸ್ಟೇಜ್, ಮುಂದಿನ ಹೆಜ್ಜೆ, ಅದರ ತಾರೀಖು. ಇಷ್ಟೇ ಇಟ್ಟು ಶುರು ಮಾಡಿ. ‘ಎಲ್ಲಿಂದ ಬಂದರು’ ಅನ್ನುವುದನ್ನು ಟೈಪ್ ಮಾಡಲು ಬಿಡಬೇಡಿ, ಆರಿಸಿಕೊಳ್ಳುವ ಪಟ್ಟಿ ಮಾಡಿ. ಟೈಪ್ ಮಾಡಲು ಬಿಟ್ಟರೆ ಒಂದೇ ಇನ್‌ಸ್ಟಾಗ್ರಾಮ್ ನಾಲ್ಕು ಕಾಗುಣಿತದಲ್ಲಿ ಬರುತ್ತದೆ, ಕೊನೆಗೆ ಲೆಕ್ಕ ಹಾಕಲು ಆಗುವುದಿಲ್ಲ.

ಮುಂದಿನ ಹೆಜ್ಜೆ ಮತ್ತು ಅದರ ತಾರೀಖು, ಈ ಎರಡು ಫೀಲ್ಡ್‌ಗಳೇ ಸಿಆರ್‌ಎಂನ ಜೀವ. ಯಾವ ಹೆಸರಿನ ಮುಂದೆ ಇವು ಖಾಲಿ ಇವೆಯೋ ಆ ಗಿರಾಕಿಯನ್ನು ನೀವು ಆಗಲೇ ಮರೆತಿದ್ದೀರಿ ಅಂತ ಅರ್ಥ. ಕೆಲಸ ಮುಗಿದವರು ಮತ್ತು ಬೇಡ ಅಂದವರನ್ನು ಬಿಟ್ಟರೆ ಯಾವ ಹೆಸರಿನ ಮುಂದೂ ಇದು ಖಾಲಿ ಇರಬಾರದು. ಬೆಳಿಗ್ಗೆ ಹತ್ತು ನಿಮಿಷ ಕೂತು ಇವತ್ತಿನ ತಾರೀಖು ಇರುವವರನ್ನೆಲ್ಲಾ ತೆರೆಯಿರಿ. ಫೋನ್ ಮಾಡಿ, ಮೆಸೇಜ್ ಮಾಡಿ, ಮುಂದಿನ ತಾರೀಖು ಹಾಕಿ. ಅಷ್ಟೇ ಕೆಲಸ.

ಟಿಪ್ಪಣಿಯನ್ನು ಗಿರಾಕಿಯ ಮಾತಿನಲ್ಲೇ ಬರೆಯಿರಿ. ‘ಬೆಲೆ ಬಗ್ಗೆ ಆಕ್ಷೇಪ’ ಅಂತ ಬರೆದರೆ ಎರಡು ತಿಂಗಳ ನಂತರ ಏನೂ ನೆನಪಾಗುವುದಿಲ್ಲ. ‘ಅಣ್ಣನ ಹತ್ತಿರ ಕೇಳಿ ಹೇಳ್ತೀನಿ, ಅರ್ಧ ದುಡ್ಡು ಈಗ, ಅರ್ಧ ಮುಂದಿನ ತಿಂಗಳು ಆಗತ್ತಾ ಅಂದರು’ ಅಂತ ಬರೆದರೆ ಫೋನ್ ಎತ್ತಿದ ಕೂಡಲೇ ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದಲೇ ಮಾತು ಶುರುವಾಗುತ್ತದೆ. ಗಿರಾಕಿಗೆ ಇದು ಎಷ್ಟು ಖುಷಿ ಕೊಡುತ್ತದೆ ಅಂದರೆ, ನಾನು ಇದನ್ನು ಶುರು ಮಾಡಿದ ಮೊದಲ ವಾರದಲ್ಲೇ ಇಬ್ಬರು ‘ನಿಮಗೆ ಅದೆಲ್ಲಾ ನೆನಪಿದೆಯಾ’ ಅಂತ ಕೇಳಿದ್ದರು.

ಜೊತೆಯಲ್ಲಿ ಕೆಲಸ ಮಾಡುವವರಿದ್ದರೆ ಅವರು ಇದನ್ನು ಬಳಸುವಂತೆ ಮಾಡುವುದು ಬೇರೆಯೇ ಸವಾಲು. ಬೈದರೆ ಆಗುವುದಿಲ್ಲ. ಇದು ತಮ್ಮ ಮೇಲೆ ಕಣ್ಣಿಡಲು ತಂದದ್ದು ಅಂತ ಅವರಿಗೆ ಒಂದು ಸಲ ಅನ್ನಿಸಿಬಿಟ್ಟರೆ ಬರೆಯುವುದೆಲ್ಲಾ ಕಾಟಾಚಾರಕ್ಕೆ ಆಗುತ್ತದೆ. ಅವರ ಕೆಲಸ ಕಡಿಮೆ ಆಗುವ ಒಂದು ದಾರಿ ಮೊದಲು ತೋರಿಸಿ. ಉದಾಹರಣೆಗೆ, ರಜೆಯಲ್ಲಿದ್ದಾಗ ಯಾರೂ ಫೋನ್ ಮಾಡಿ ‘ಆ ಗಿರಾಕಿ ವಿಷಯ ಏನಾಗಿತ್ತು’ ಅಂತ ಕೇಳದೇ ಇರುವುದು. ಮತ್ತೆ ನೀವೂ ಸ್ವತಃ ಪಾಲಿಸಬೇಕು. ಯಾರಾದರೂ ಬಂದು ಗಿರಾಕಿ ಬಗ್ಗೆ ಕೇಳಿದರೆ ನೆನಪಿದ್ದರೂ ಸಿಆರ್‌ಎಂ ತೆರೆದೇ ಉತ್ತರ ಕೊಡಿ.

ಈಗ ಆಟೊಮೇಶನ್

ಒಂದು ತಿಂಗಳಾದ ಮೇಲೆ ನೀವೇ ಗಮನಿಸಿರುತ್ತೀರಿ, ಕೆಲವು ಮೆಸೇಜ್‌ಗಳನ್ನು ಒಂದು ಅಕ್ಷರ ಬದಲಿಸದೆ ಮತ್ತೆ ಮತ್ತೆ ಕಳಿಸುತ್ತಿದ್ದೀರಿ. ಯಂತ್ರಕ್ಕೆ ಕೊಡಬೇಕಾದದ್ದು ಅವನ್ನು. ಪ್ರತಿ ಸಲ ಸ್ವಲ್ಪ ಯೋಚಿಸಿ ಬರೆಯುವ ಮೆಸೇಜ್‌ಗಳನ್ನು ಕೊಡಬೇಡಿ.

ಮೊದಲು ಮಾಡಬೇಕಾದದ್ದು ‘ನಿಮ್ಮ ವಿಚಾರಣೆ ಬಂದಿದೆ’ ಅನ್ನುವ ಉತ್ತರ. ವೆಬ್‌ಸೈಟ್ ಫಾರ್ಮ್ ತುಂಬಿದ ಕೂಡಲೇ ಹೋಗಬೇಕು. ಅದರಲ್ಲಿ ಮೂರು ವಿಷಯ ಸಾಕು: ನಿಮ್ಮ ಪ್ರಶ್ನೆ ತಲುಪಿದೆ, ಇಂಥ ಸಮಯದೊಳಗೆ ಒಬ್ಬರು ಮಾತಾಡುತ್ತಾರೆ, ಅರ್ಜೆಂಟ್ ಇದ್ದರೆ ಈ ನಂಬರ್. ಹೇಳಿದ ಸಮಯಕ್ಕೆ ನಿಜವಾಗಿ ಮಾತಾಡಲು ಆಗುವುದಾದರೆ ಮಾತ್ರ ಸಮಯ ಬರೆಯಿರಿ. ಇದರ ಜೊತೆಗೇ ನಿಮಗೊಂದು ಟಾಸ್ಕ್ ಬೀಳುವಂತೆ ಮಾಡಿ.

ಎರಡನೆಯದು, ಕೊಟೇಶನ್ ಹೋಗಿ ಮೂರು ದಿನ ಆದರೂ ಸ್ಟೇಜ್ ಬದಲಾಗದಿದ್ದರೆ ಒಂದು ಜ್ಞಾಪನೆ. ಇದು ಗಿರಾಕಿಗೆ ಹೋಗಬೇಕಾ, ನಿಮಗೆ ಬರಬೇಕಾ? ನಿಮಗೇ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೆ ಕಾರಣವೂ ಇದೆ. ನಾನು ಮೊದಲ ಸಲ ಆಟೊಮೇಶನ್ ಹಾಕಿದಾಗ ‘ಕೊಟೇಶನ್ ಹೋಗಿದೆ’ ಸ್ಟೇಜಿಗೆ ಮೂರು ಮೆಸೇಜ್‌ಗಳ ಸರಣಿ ಕಟ್ಟಿದ್ದೆ. ವರ್ಷಗಳಿಂದ ನಮ್ಮ ಹತ್ತಿರ ಕೆಲಸ ಮಾಡಿಸುವ ಒಬ್ಬರು ಫೋನಿನಲ್ಲೇ ಒಪ್ಪಿ ಅವತ್ತೇ ಅಡ್ವಾನ್ಸ್ ಹಾಕಿದರು. ನಾನು ಸ್ಟೇಜ್ ಬದಲಿಸುವುದನ್ನು ಮರೆತೆ. ಅವರಿಗೆ ಎರಡನೇ ಮೆಸೇಜ್ ಹೋಯಿತು, ಮೂರನೆಯದೂ ಹೋಯಿತು. ಮೂರನೆಯದರಲ್ಲಿ ‘ನೀವು ಇನ್ನೂ ನಿರ್ಧರಿಸಿಲ್ಲ ಅಂತ ಕಾಣುತ್ತದೆ’ ಅಂತಿತ್ತು. ಅವರು ಫೋನ್ ಮಾಡಿ ಜೋರಾಗಿ ಏನೂ ಅನ್ನಲಿಲ್ಲ. ‘ನನ್ನ ದುಡ್ಡು ನಿಮಗೆ ಸೇರಿಲ್ವಾ?’ ಅಂತ ಮಾತ್ರ ಕೇಳಿದರು. ಆ ದನಿಯಲ್ಲಿದ್ದ ಗಾಬರಿ ನನಗೆ ಇವತ್ತಿಗೂ ನೆನಪಿದೆ.

ಅವತ್ತಿನಿಂದ ಯಾವ ಆಟೊಮೇಶನ್ ಮಾಡುವಾಗಲೂ ಹಾಳೆಯ ಮೇಲೆ ಮೊದಲು ನಿಲ್ಲುವ ಷರತ್ತು ಬರೆಯುತ್ತೇನೆ. ಗಿರಾಕಿ ಯಾವ ದಾರಿಯಲ್ಲಿ ಉತ್ತರ ಕೊಟ್ಟರೂ ನಿಲ್ಲಬೇಕು. ದುಡ್ಡು ಬಂದರೆ ನಿಲ್ಲಬೇಕು. ಯಾರಾದರೂ ಅವರ ಜೊತೆ ಮಾತಾಡಿ ಟಿಪ್ಪಣಿ ಹಾಕಿದರೆ ನಿಲ್ಲಬೇಕು. ದೂರು ಬಾಕಿ ಇದ್ದರೆ ಶುರುವೇ ಆಗಬಾರದು. ಇದಕ್ಕೆ ‘ದೂರು ಇದೆ’ ಅಂತ ಒಂದು ಟ್ಯಾಗ್ ಮಾಡಿಟ್ಟುಕೊಳ್ಳಿ, ಎಲ್ಲಾ ವರ್ಕ್‌ಫ್ಲೋಗಳಲ್ಲೂ (ತಾನಾಗಿ ಓಡುವ ಇಂಥ ಸರಣಿಗಳು) ಆ ಟ್ಯಾಗ್ ಇರುವವರನ್ನು ಹೊರಗಿಡಿ. ಕೆಲಸ ಕೆಟ್ಟಿದೆ ಅಂತ ಬೇಸರದಲ್ಲಿರುವವರಿಗೆ ‘ನಮ್ಮ ಸೇವೆ ಹೇಗಿತ್ತು, ಐದು ಸ್ಟಾರ್ ಕೊಡಿ’ ಅಂತ ಮೆಸೇಜ್ ಹೋದರೆ ಆ ಸಂಬಂಧವನ್ನು ಮತ್ತೆ ಸರಿಮಾಡುವುದು ಕಷ್ಟ, ಅಲ್ವಾ? ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತು ಸಿಆರ್‌ಎಂ ಜೋಡಿಸಲು ಆಗುವುದಾದರೆ ಮೊದಲು ಅದನ್ನೇ ಜೋಡಿಸಿ. ದುಡ್ಡು ಬಂದ ಸುದ್ದಿ ತಾನಾಗಿ ಬಂದರೆ ನಿಮ್ಮ ಮರೆವಿನ ಮೇಲೆ ಏನೂ ನಿಂತಿರುವುದಿಲ್ಲ.

ಮೂರನೆಯದು, ಮತ್ತೆ ಬರುವ ಕೆಲಸಕ್ಕೆ ನೆನಪಿಸುವುದು. ವರ್ಷಕ್ಕೊಮ್ಮೆ ಸರ್ವಿಸ್, ಆರು ತಿಂಗಳಿಗೊಮ್ಮೆ ಮರುಭರ್ತಿ, ಅವಧಿ ಮುಗಿಯುವ ಒಪ್ಪಂದ. ಚಿಕ್ಕ ವ್ಯಾಪಾರಕ್ಕೆ ಆಟೊಮೇಶನ್‌ನಿಂದ ನಿಜವಾದ ಲಾಭ ಬರುವುದು ಇಲ್ಲಿಂದ ಅಂತ ನನಗೆ ಅನ್ನಿಸುತ್ತದೆ. ಗಿರಾಕಿಗೂ ಇದು ಉಪಕಾರವೇ.

ಲೀಡ್ ಸ್ಕೋರಿಂಗ್ ಅಂತ ಒಂದಿದೆ, ವಿಚಾರಿಸಿದವರಿಗೆ ಅವರ ಆಸಕ್ತಿ ನೋಡಿ ಅಂಕ ಕೊಡುವುದು: ಮೇಲ್ ತೆರೆದರೆ ಐದು ಅಂಕ, ಲಿಂಕ್ ಒತ್ತಿದರೆ ಹತ್ತು. ತಿಂಗಳಿಗೆ ಐವತ್ತು ಅರವತ್ತು ವಿಚಾರಣೆ ಬರುವವರಿಗೆ ಇದು ಬೇಡ. ಐವತ್ತು ಜನಕ್ಕೆ ಫೋನ್ ಮಾಡಬಹುದು.

ಮೆಸೇಜ್ ಕನ್ನಡದಲ್ಲಿ ಬರೆಯುವಾಗ

ಇದನ್ನು ಯಾವ ಸಾಫ್ಟ್‌ವೇರಿನ ಕೈಪಿಡಿಯಲ್ಲೂ ಬರೆದಿರುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಟೊಮೇಶನ್‌ನಲ್ಲಿ ಹೆಸರಿನ ಜಾಗಕ್ಕೆ ಒಂದು ಗುರುತು ಇಡುತ್ತೀರಿ, ಕಳಿಸುವಾಗ ಅಲ್ಲಿ ಹೆಸರು ಕೂರುತ್ತದೆ. ಇಂಗ್ಲಿಷಿನಲ್ಲಿ ಇದು ಸುಲಭ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟುತ್ತದೆ. ಗುರುತಿನ ಹಿಂದೆ ನೇರವಾಗಿ ‘ಗೆ’ ಬರೆದರೆ ರವಿಗೆ ಅನ್ನುವಾಗ ಸರಿ, ಆದರೆ ಮಂಜುನಾಥ್ ಅನ್ನುವಲ್ಲಿ ಕೊನೆಯ ಅಕ್ಷರಕ್ಕೆ ಒತ್ತು ಬಂದು ಹೆಸರೇ ಕೆಡುತ್ತದೆ. ಇದಕ್ಕೆ ಪರಿಹಾರ ನಮ್ಮ ಮಾತಿನಲ್ಲೇ ಇದೆ. ಹೆಸರಾದ ಮೇಲೆ ಜಾಗ ಬಿಟ್ಟು ‘ಅವರೇ’, ‘ಅವರಿಗೆ’, ‘ಅವರ’ ಅಂತ ಬರೆಯಿರಿ. ಪ್ರತ್ಯಯ ‘ಅವರು’ಗೆ ಅಂಟುತ್ತದೆ, ಹೆಸರು ಹಾಗೇ ಉಳಿಯುತ್ತದೆ, ಮರ್ಯಾದೆಯೂ ಇರುತ್ತದೆ. ಗಂಡಸು ಹೆಂಗಸು ಅನ್ನುವ ತೊಡಕೂ ಇಲ್ಲ.

ಹೆಸರು ಇಲ್ಲದವರಿಗೆ ಏನು ಹೋಗಬೇಕು ಅಂತಲೂ ತುಂಬಿ. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೊಂದು ಜಾಗ ಇರುತ್ತದೆ. ಬರೀ ‘ನಮಸ್ಕಾರ’ ಅಂತಿದ್ದರೂ ಚೆನ್ನ.

ಎಸ್‌ಎಂಎಸ್ ಕಳಿಸುವವರು ಲೆಕ್ಕ ನೋಡಿಕೊಳ್ಳಿ. ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್‌ಎಂಎಸ್‌ಗೆ 160 ಹಿಡಿಸುತ್ತವೆ. ಕನ್ನಡ ಬರೆದರೆ ಅದು ಯೂನಿಕೋಡ್ ಆಗುತ್ತದೆ, ಸಾಮಾನ್ಯವಾಗಿ 70 ಮಾತ್ರ. ಉದ್ದವಾಗಿ ತುಂಡಾದರೆ ಪ್ರತಿ ತುಂಡಿಗೆ 67. ಎಣಿಕೆಯಲ್ಲಿ ಒತ್ತು, ದೀರ್ಘ ಎಲ್ಲಾ ಬೇರೆ ಬೇರೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ಲಿ 6. ಎರಡು ಸಾಲಿನ ಕನ್ನಡ ಮೆಸೇಜಿಗೆ ಮೂರು ಎಸ್‌ಎಂಎಸ್ ಖರ್ಚಾದರೆ ಆಶ್ಚರ್ಯ ಪಡಬೇಡಿ. ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ಇಮೋಜಿ ಹಾಕಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬರುತ್ತದೆ.

ಇಮೇಲ್ ಇನ್‌ಬಾಕ್ಸ್‌ಗೆ ತಲುಪಬೇಕಾದರೆ

ನಿಮ್ಮದೇ ಡೊಮೈನ್‌ನಿಂದ, ಅಂದರೆ ನಿಮ್ಮ ವೆಬ್‌ಸೈಟಿನ ಹೆಸರಿರುವ ಇಮೇಲ್ ವಿಳಾಸದಿಂದ ಕಳಿಸಿ. ಉಚಿತ ಜಿಮೇಲ್, ಯಾಹೂ ವಿಳಾಸವನ್ನು ‘ಕಳಿಸಿದವರು’ ಜಾಗದಲ್ಲಿ ಹಾಕಿ ಆಟೊಮೇಶನ್ ಸಾಫ್ಟ್‌ವೇರಿನಿಂದ ಕಳಿಸಿದರೆ ಮೇಲ್ ತಿರಸ್ಕಾರವಾಗುವ ಸಾಧ್ಯತೆ ಜಾಸ್ತಿ. ಯಾಹೂ ತನ್ನ ವಿಳಾಸಗಳಿಗೆ 2014ರಲ್ಲೇ ಹೀಗೆ ಕಟ್ಟುನಿಟ್ಟು ಮಾಡಿದೆ.

ಡೊಮೈನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಆ ಹೆಸರಿನ ವಿವರಗಳನ್ನು ಇಂಟರ್ನೆಟ್‌ಗೆ ತಿಳಿಸುವ ಪಟ್ಟಿಯಲ್ಲಿ, ಮೂರು ದಾಖಲೆ ಹಾಕಬೇಕು. ಎಸ್‌ಪಿಎಫ್ ಅಂದರೆ ನನ್ನ ಹೆಸರಿನಲ್ಲಿ ಇಂಥ ಸರ್ವರ್‌ಗಳು ಮಾತ್ರ ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಡಿಕೆಐಎಂ ಅಂದರೆ ಪ್ರತಿ ಮೇಲ್‌ಗೂ ಒಂದು ಸಹಿ, ದಾರಿಯಲ್ಲಿ ಯಾರೂ ಬದಲಿಸಿಲ್ಲ ಅನ್ನುವುದಕ್ಕೆ ಸಾಕ್ಷಿ. ಡಿಮಾರ್ಕ್ ಅಂದರೆ ಈ ಎರಡರಲ್ಲೂ ಪಾಸಾಗದ ಮೇಲ್ ಬಂದರೆ ಏನು ಮಾಡಬೇಕು ಅನ್ನುವ ಸೂಚನೆ. ನಿಮ್ಮ ಸಾಫ್ಟ್‌ವೇರ್ ಈ ಸಾಲುಗಳನ್ನು ತಾನೇ ಕೊಡುತ್ತದೆ, ನೀವು ಡೊಮೈನ್ ಕೊಂಡ ಕಡೆ ಹೋಗಿ ಅಂಟಿಸಿದರೆ ಆಯಿತು. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ: ಆಗಲೇ ಒಂದು ಎಸ್‌ಪಿಎಫ್ ಇದ್ದಾಗ ಎರಡನೆಯದನ್ನು ಸೇರಿಸುವುದು. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು, ಹೊಸದನ್ನು ಹಳೆಯ ಸಾಲಿನೊಳಗೇ ಸೇರಿಸಬೇಕು.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಮೂರೂ ದಾಖಲೆ ಕಡ್ಡಾಯ, ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ನಾವು ಅಷ್ಟು ಕಳಿಸಲ್ಲ ಅಂತ ಬಿಡಬೇಡಿ. ಸಾವಿರ ಮೇಲ್‌ಗೆ ಮೂರು ಜನ ಸ್ಪ್ಯಾಮ್ ಒತ್ತಿದರೆ ಅದೇ ಶೇ. 0.3. ಚಿಕ್ಕ ಪಟ್ಟಿಯಲ್ಲಿ ಇದು ಎಷ್ಟು ಬೇಗ ಆಗಬಹುದು ನೋಡಿ. ಅದಕ್ಕೇ ಅನ್‌ಸಬ್‌ಸ್ಕ್ರೈಬ್ ಗುಂಡಿಯನ್ನು ಸಣ್ಣಕ್ಷರದಲ್ಲಿ ಬಚ್ಚಿಡಬೇಡಿ. ಹೋಗಬೇಕು ಅನ್ನುವವರಿಗೆ ಬಾಗಿಲು ಕಾಣದಿದ್ದರೆ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ 2003ರದು, ಯುರೋಪಿನ ಜಿಡಿಪಿಆರ್ 2018ರಿಂದ ಜಾರಿಯಲ್ಲಿದೆ, ಭಾರತ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ತನ್ನ ಕಾಯ್ದೆ ಮಾಡಿತು. ನಿಮ್ಮ ಗಿರಾಕಿ ಎಲ್ಲಿದ್ದಾರೋ ಅಲ್ಲಿನ ನಿಯಮ ನಿಮಗೂ ತಾಗಬಹುದು. ಆಗ ಸೇರಿಸಿದ ಒಪ್ಪಿಗೆಯ ಕಾಲಮ್ ಇಲ್ಲಿ ಕೈ ಹಿಡಿಯುತ್ತದೆ.

ವಾಟ್ಸಾಪ್ ವಿಷಯದಲ್ಲಿ ಎರಡು ಮಾತು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಲೇಬಲ್, ಸಿದ್ಧ ಉತ್ತರ ಎಲ್ಲಾ ಇವೆ, ದಿನಕ್ಕೆ ಹತ್ತು ಹದಿನೈದು ಜನ ಬರುವ ಕಡೆ ಅಷ್ಟೇ ಸಾಕಾಗಬಹುದು. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಸಿಆರ್‌ಎಂನಿಂದಲೇ ತಾನಾಗಿ ಹೋಗಬೇಕು ಅಂದರೆ ಆ್ಯಪ್ ಸಾಲದು, ವಾಟ್ಸಾಪ್ ಬಿಸಿನೆಸ್ ಪ್ಲಾಟ್‌ಫಾರ್ಮ್ ಅನ್ನುವ ಬೇರೆ ಸೇವೆ ಬೇಕು. ಅಲ್ಲಿ ಗಿರಾಕಿ ಕೊನೆಯ ಮೆಸೇಜ್ ಮಾಡಿದ 24 ಗಂಟೆಯೊಳಗೆ ನೀವು ಏನು ಬೇಕಾದರೂ ಬರೆಯಬಹುದು, ಆಮೇಲೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ. ಸಾಮಾನ್ಯ ಆ್ಯಪ್‌ನಿಂದ ರಾಶಿ ರಾಶಿ ಮೆಸೇಜ್ ಕಳಿಸುವ ಹೊರಗಿನ ಉಪಕರಣಗಳನ್ನು ಹಾಕಿಕೊಳ್ಳಬೇಡಿ. ನಂಬರ್ ಬ್ಲಾಕ್ ಆದರೆ ವ್ಯಾಪಾರದ ಫೋನೇ ಸತ್ತ ಹಾಗೆ.

ಯಾವ ಅಂಕಿ ನೋಡಬೇಕು

ಮೇಲ್ ಎಷ್ಟು ಜನ ತೆರೆದರು ಅನ್ನುವ ಅಂಕಿಯನ್ನು ನಂಬಬೇಡಿ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ಗೆ ಗೌಪ್ಯತೆಯ ಸೌಲಭ್ಯ ತಂದ ಮೇಲೆ, ಓದದಿದ್ದರೂ ಚಿತ್ರಗಳು ಮೊದಲೇ ಲೋಡ್ ಆಗಿ ‘ತೆರೆದಿದ್ದಾರೆ’ ಅಂತ ಬರುತ್ತದೆ. ‘ತೆರೆದವರಿಗೆ ಮಾತ್ರ ಎರಡನೇ ಮೇಲ್’ ಅನ್ನುವ ಥರದ ಆಟೊಮೇಶನ್ ಇದರಿಂದ ಅರ್ಥ ಕಳೆದುಕೊಂಡಿದೆ. ಲಿಂಕ್ ಒತ್ತಿದ್ದು, ಉತ್ತರ ಬರೆದದ್ದು, ಇವನ್ನು ನೋಡಿ.

ತಿಂಗಳ ಕೊನೆಗೆ ನಾನು ನೋಡುವುದು ನಾಲ್ಕು: ಎಷ್ಟು ವಿಚಾರಣೆ ಬಂತು, ಯಾವ ದಾರಿಯಿಂದ ಬಂದವರು ಒಪ್ಪಿದರು, ಮೊದಲ ಉತ್ತರ ಕೊಡಲು ನಮಗೆ ಎಷ್ಟು ಹೊತ್ತಾಯಿತು, ಬೇಡ ಅಂದವರು ಯಾಕೆ ಬೇಡ ಅಂದರು. ಕೊನೆಯದು ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಬೆಲೆ ಜಾಸ್ತಿ ಅನ್ನುವ ಕಾರಣವೇ ಇರುತ್ತದೆ ಅಂದುಕೊಂಡಿದ್ದೆ. ತೆಗೆದು ನೋಡಿದರೆ ‘ಬೇರೆಯವರು ಮೊದಲು ಫೋನ್ ಮಾಡಿದರು’ ಅನ್ನುವುದೇ ಮತ್ತೆ ಮತ್ತೆ ಬರುತ್ತಿತ್ತು.

ಸಿಆರ್‌ಎಂ ಲಾಗಿನ್‌ಗೆ ಎರಡು ಹಂತದ ಭದ್ರತೆ ಹಾಕಿ, ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳಬೇಡಿ, ಯಾರಾದರೂ ಕೆಲಸ ಬಿಟ್ಟರೆ ಅವತ್ತೇ ಅವರ ಖಾತೆ ಮುಚ್ಚಿ. ತಿಂಗಳಿಗೊಮ್ಮೆ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ. ಈಗ ಎಐ ಮೆಸೇಜ್ ಬರೆದುಕೊಡುವ ಸೌಲಭ್ಯವೂ ಬರುತ್ತಿದೆ. ಕರಡು ಬರೆಸಿಕೊಳ್ಳಿ, ಓದದೆ ಮಾತ್ರ ಕಳಿಸಬೇಡಿ.

ಮೂರು ತಿಂಗಳಿಗೊಮ್ಮೆ ಮನೆಯವರ ಯಾರದ್ದಾದರೂ ನಂಬರ್, ಬೇರೆ ಇಮೇಲ್ ಹಾಕಿ ನಿಮ್ಮದೇ ಫಾರ್ಮ್ ತುಂಬಿ. ಹೊಸ ಗಿರಾಕಿ ಬಂದ ಹಾಗೆ. ಉತ್ತರ ಎಷ್ಟು ಹೊತ್ತಿಗೆ ಬಂತು, ಸ್ಪ್ಯಾಮ್‌ಗೆ ಹೋಯಿತಾ, ಹೆಸರು ಸರಿಯಾಗಿ ಕೂತಿದೆಯಾ, ಲಿಂಕ್ ತೆರೆಯುತ್ತದಾ ನೋಡಿ. ಆಮೇಲೆ ಆ ಮೇಲ್‌ಗೆ ‘ಬೇಡ, ಥ್ಯಾಂಕ್ಸ್’ ಅಂತ ಒಂದು ಸಾಲು ಉತ್ತರ ಬರೆದು ಒಂದು ವಾರ ಕಾಯಿರಿ. ಮತ್ತೆ ಮೆಸೇಜ್ ಬಂದರೆ ಎಲ್ಲೋ ನಿಲ್ಲುವ ಷರತ್ತು ಬಿಟ್ಟುಹೋಗಿದೆ. ಆ ವರ್ಕ್‌ಫ್ಲೋ ಆಫ್ ಮಾಡಿ, ಸರಿಮಾಡಿದ ಮೇಲೆ ಮತ್ತೆ ಆನ್ ಮಾಡಿ.